ಒಬ್ಬರ ಹುಚ್ಚು, ಒಬ್ಬರ ಅನ್ನ

ನಮ್ಮ ನಾಡಿನಲ್ಲಿ ಇಬ್ಬರು ಅಪರಿಚಿತರು ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕುಳಿತರೆಂದರೆ ಅವರ ಮಾತು ಯಾವ ಹಾದಿಯಲ್ಲಿ ಸಾಗುತ್ತದೆಂಬುದನ್ನು ಯಾರು ಬೇಕಾದರೂ ಊಹಿಸಬಹುದು. ಮೊದಲು ‘ಯಾವೂರಾಯಿತು?’ ಎಂಬ ಪ್ರಶ್ನೆ. ಅನಂತರ ‘ಏನು ಕೆಲಸ ಮಾಡಿಕೊಂಡಿದ್ದೀರಿ?’, ಬಸ್ಸು ಇನ್ನು ನಾಲ್ಕು ಮೈಲಿ ಓಡುವುದರೊಳಗೆ ‘ತಿಂಗಳಿಗೆ ಎಷ್ಟು ಕೈಗೆ ಬರುತ್ತದೆ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇದಕ್ಕೆ ಅಪವಾದವಾದ ಒಂದು ಜಾತಿಯ ಜನರಿದ್ದಾರೆ. ಹಳೆಯ ಮೋಟಾರು ಸೈಕಲ್ಲಿನ ಹುಚ್ಚು ಹತ್ತಿದವರು ಅವರು. ಅಂಥವರಿಬ್ಬರು ಸಂಧಿಸಿದರೆ ಊರು, ಕೇರಿ, ಸಂಬಳ ಯಾವುದರ ಮಾತೂ ಇಲ್ಲ. ‘ಯಾವ ಇಸವಿಯ ಗಾಡಿ?’ ‘ಟ್ಯಾಂಕು ಮೂಲದ್ದೇನೆ?’ ‘ಬೋರು ಎಷ್ಟು ಸಲ ಮಾಡಿಸಿದಿರಿ?’ – ಹೀಗೆ ಒಂದು ಗಂಟೆ ಕಳೆದು, ಎರಡು ಕಾಫಿಯಾಗಿ, ಕೈ ಬೀಸಿ ಅಗಲುತ್ತಾರೆ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಒಬ್ಬರ ಗಾಡಿಯ ಎಂಜಿನ್ ನಂಬರು ಮಾತ್ರ ಇನ್ನೊಬ್ಬರಿಗೆ ಬಾಯಿಪಾಠವಾಗಿರುತ್ತದೆ.

ಇಂಥವರನ್ನು ನೋಡಿದಾಗಲೆಲ್ಲ ನನಗೆ ಒಂದೇ ಕುತೂಹಲ: ಇವರೆಲ್ಲ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ? ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡವಳಿಗೆ ಇಂಥ ಕುತೂಹಲ ಬಂದರೆ ಅಧ್ಯಾಪಕರು ಮೆಚ್ಚಬೇಕಲ್ಲದೆ ಗದರಿಸಬಾರದು. ಕುತೂಹಲವನ್ನು ತಣಿಸಿಕೊಳ್ಳುವ ಅನುಕೂಲವೂ ನನಗಿತ್ತು. ನನ್ನ ಸೋದರಮಾವನವರದು ಮಂಡ್ಯದಲ್ಲಿ ಮೋಟಾರು ಸೈಕಲ್ ರಿಪೇರಿಯ ಒಂದು ಚಿಕ್ಕ ಅಂಗಡಿ. ಜಾವಾ, ಯೆಜ್ಡಿಗಳೆಂದರೆ ಸುತ್ತಿನ ನಾಲ್ಕಾರು ತಾಲ್ಲೂಕುಗಳವರು ಅವರ ಕೈಗೇ ಬರಬೇಕು. ಪಿ.ಯು.ಸಿ. ಓದುವ ಕಾಲದಿಂದಲೂ ಭಾನುವಾರಗಳಂದು ಆ ಅಂಗಡಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಲೆಕ್ಕದ ಪುಸ್ತಕದಲ್ಲಿ ಹೆಸರು, ಗಾಡಿ, ಕೆಲಸ, ಹಣ ಎಂದು ನಾಲ್ಕು ಕಲಮುಗಳಿದ್ದವು. ನಾನು ಐದನೆಯದೊಂದನ್ನು ಎಳೆದು ‘ಕಸುಬು’ ಎಂದು ತಲೆಬರಹ ಕೊಟ್ಟೆ.

ಮೊದಲು ಗಾಡಿಯ ಸಂಗತಿಯನ್ನು ಹೇಳಿಬಿಡುತ್ತೇನೆ. ಅದಿಲ್ಲದೆ ಜನರ ಸಂಗತಿ ಅರ್ಥವಾಗದು. ಜೆಕೊಸ್ಲೊವಾಕಿಯ ದೇಶದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತನಿದ್ದ. ಅವನ ಜೀವನೋಪಾಯ ಶಸ್ತ್ರಾಸ್ತ್ರಗಳ ತಯಾರಿಕೆ. ಮೊದಲನೆಯ ಮಹಾಯುದ್ಧ ಮುಗಿದು ಜಗತ್ತು ಕೆಲಕಾಲ ಶಾಂತವಾಯಿತು. ಬಂದೂಕು ಮಾಡುವವನಿಗೆ ಶಾಂತಿಯೆಂದರೆ ವ್ಯಾಪಾರ ಇಳಿಯಿತೆಂದೇ ಅರ್ಥವಷ್ಟೆ? ೧೯೨೯ರಲ್ಲಿ ಅವನು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲು ತಯಾರಿಸುವ ಹಕ್ಕನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ವಾಂಡರರಿನ ಮೊದಲೆರಡು ಅಕ್ಷರಗಳನ್ನು ಕೂಡಿಸಿದ, ‘ಜಾವಾ’ ಹುಟ್ಟಿತು. ಆ ಗಾಡಿ ೧೯೬೦ರ ದಶಕದ ಮೊದಲಲ್ಲಿ ಮೈಸೂರಿಗೆ ಬಂತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗಿ ದೇಶದಲ್ಲೆಲ್ಲ ಓಡಾಡಿತು. ೧೯೭೩ರಿಂದ ‘ಯೆಜ್ಡಿ’ ಎಂಬ ಹೆಸರು ಹೊತ್ತಿತು. ೧೯೯೬ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಜಾವಾ ಎಂಬ ಹೆಸರು ೨೦೧೮ರಲ್ಲಿ ಬೇರೆ ಕಂಪನಿಯ ಹೊಸ ಗಾಡಿಯ ಮೇಲೆ ಮರಳಿ ಬಂದಿತಾದರೂ ನಾನು ಹೇಳುತ್ತಿರುವುದು ಹಳೆಯ ಮೈಸೂರಿನ ಗಾಡಿಯ ಮಾತು. ಅದಕ್ಕೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಕುಡಿಸಬೇಕು. ಒದ್ದು ಎಬ್ಬಿಸುವ ಸನ್ನೆಯೂ ಗೇರು ಬದಲಾಯಿಸುವ ಸನ್ನೆಯೂ ಅದರಲ್ಲಿ ಒಂದೇ. ಎರಡು ಸೈಲೆನ್ಸರುಗಳಿಂದ ಹೊರಡುವ ಅದರ ಸದ್ದನ್ನು ಬಲ್ಲವರು ಮೂರು ಬೀದಿಗಳಾಚೆಯಿಂದಲೇ ಗುರುತಿಸುತ್ತಾರೆ. ಅಂದರೆ ನಮ್ಮ ಅಂಗಡಿಗೆ ಬರುವ ಗಾಡಿಗಳಲ್ಲಿ ಅತ್ಯಂತ ಕಿರಿಯದಕ್ಕೂ ನನಗಿಂತ ಹೆಚ್ಚು ವಯಸ್ಸು.

ಇನ್ನು ಐದನೆಯ ಕಲಮಿಗೆ ಬರೋಣ. ಎರಡು ವರ್ಷಗಳಲ್ಲಿ ಅದರಲ್ಲಿ ನಲವತ್ತಕ್ಕೆ ಮೇಲ್ಪಟ್ಟು ಗಿರಾಕಿಗಳ ಕಸುಬು ಬರೆದಿದ್ದೇನೆ. ಶ್ರೀಮಂತರ ಪಟ್ಟಿಯಾಗಬಹುದೆಂದು ನಾನು ಎಣಿಸಿದ್ದೆ. ಆದದ್ದು ಒಂದು ಊರಿನ ಜನಗಣತಿಯಂಥ ಪಟ್ಟಿ. ದೇವಸ್ಥಾನದ ಅರ್ಚಕರಿದ್ದಾರೆ, ಕಬ್ಬು ಬೆಳೆಯುವ ರೈತರಿದ್ದಾರೆ, ತಾಲ್ಲೂಕು ಕಛೇರಿಯ ಗುಮಾಸ್ತರಿದ್ದಾರೆ, ದರ್ಜಿ, ಬಡಗಿ, ವಕೀಲರು, ನಿವೃತ್ತ ಕನ್ನಡ ಪಂಡಿತರು, ಆಸ್ಪತ್ರೆಯ ನರ್ಸು, ಬೆಂಗಳೂರಿನಿಂದ ಬರುವ ಸಾಫ್ಟ್‌ವೇರ್ ಎಂಜಿನಿಯರು – ಎಲ್ಲರೂ ಇದ್ದಾರೆ. ಸಾಮಾನ್ಯವಾಗಿ ಒಂದು ಪಂಕ್ತಿಯಲ್ಲಿ ಕೂರದ ಇವರು ಮಾವನ ಅಂಗಡಿಯ ಮುಂದಿನ ಒಂದೇ ಮರದ ಬೆಂಚಿನ ಮೇಲೆ ಸರದಿ ಕಾಯುತ್ತಾರೆ.

ನಾನು ಗಮನಿಸಿದ ವಿಶೇಷವೇನೆಂದರೆ, ಗಾಡಿಯ ಹುಚ್ಚು ಎಲ್ಲರಿಗೂ ಒಂದೇ ಆದರೂ ಅದನ್ನು ನೋಡಿಕೊಳ್ಳುವ ಬಗೆಯಲ್ಲಿ ಅವರವರ ಕಸುಬು ಇಣಿಕಿ ನೋಡುತ್ತದೆ. ಗುಮಾಸ್ತರು ತಮ್ಮ ಯೆಜ್ಡಿಗೆ ಒಂದು ಕಡತ ತೆರೆದಿದ್ದಾರೆ. ಯಾವ ದಿನ ಪ್ಲಗ್ಗು ಬದಲಾಯಿಸಿತು, ಯಾವ ದಿನ ಕ್ಲಚ್ ಪ್ಲೇಟು ಹಾಕಿಸಿತು ಎಂಬುದೆಲ್ಲ ಅದರಲ್ಲಿ ಪುಟಸಂಖ್ಯೆ ಸಮೇತ ದಾಖಲಾಗಿದೆ. ಅರ್ಚಕರು ಪ್ರತಿ ಶುಕ್ರವಾರ ಗಾಡಿಗೆ ಮೊದಲು ಅಭ್ಯಂಜನ, ಆಮೇಲೆ ತಮ್ಮ ಸ್ನಾನ. ಒಂದು ಹನಿ ನೀರು ನಿಂತರೆ ತುಕ್ಕು ಹಿಡಿಯುವುದೆಂದು, ಗರ್ಭಗುಡಿಯ ವಿಗ್ರಹವನ್ನು ಒರೆಸುವಷ್ಟು ಮೃದುವಾಗಿ ಒರೆಸುತ್ತಾರೆ. ದರ್ಜಿ ತನ್ನ ಗಾಡಿಯ ಸೀಟನ್ನು ತಾನೇ ಹೊಲಿದುಕೊಂಡಿದ್ದಾನೆ. ಈಗ ಬೇರೆಯವರಿಗೂ ಹೊಲಿದುಕೊಡುತ್ತಾನೆ. ಪಂಡಿತರು ಬೇರೆ ಏನೂ ಮಾಡುವುದಿಲ್ಲ. ಮಾವ ಹೇಳುವ ಪ್ರತಿಯೊಂದು ಬಿಡಿಭಾಗಕ್ಕೂ ಒಂದು ಕನ್ನಡ ಹೆಸರು ಹುಡುಕುತ್ತಾರೆ. ಮಾವನಿಗೆ ಅದರಿಂದ ಉಪಯೋಗವಿಲ್ಲದಿದ್ದರೂ ಸಂತೋಷವಿದೆ.

ಇವರೆಲ್ಲರಲ್ಲಿ ನನಗೆ ಹೆಚ್ಚು ಪ್ರಿಯರಾದವರು ನರ್ಸಮ್ಮನವರು. ರಾತ್ರಿ ಪಾಳಿ ಮುಗಿಸಿ, ಹೆಲ್ಮೆಟ್ಟು ಬಿಗಿದುಕೊಂಡು, ತಮ್ಮ ತಂದೆಯ ಕಾಲದ ಗಾಡಿಯ ಮೇಲೆ ಅಂಗಡಿಗೆ ಬರುತ್ತಾರೆ. ಮಾವ ಎಂಜಿನ್ನು ಬಿಚ್ಚುವುದಕ್ಕೆ ಮುಂಚೆ ಆಕೆ ಕಿವಿಗೊಟ್ಟು ಕೇಳಿ, ‘ಎಡಗಡೆ ಉಸಿರು ಸರಿಯಾಗಿಲ್ಲಣ್ಣ’ ಎನ್ನುತ್ತಾರೆ. ಬಿಚ್ಚಿ ನೋಡಿದರೆ ಎಡಗಡೆಯ ಸೈಲೆನ್ಸರಿನಲ್ಲಿಯೇ ಮಸಿ ಕಟ್ಟಿಕೊಂಡಿರುತ್ತದೆ. ಒಮ್ಮೆ ನಾನು, ‘ದಿನವೆಲ್ಲ ದುಡಿದ ಮೇಲೆ ನಿಮಗೆ ಇದು ಬೇರೆ ಶ್ರಮವಲ್ಲವೆ ಅಕ್ಕ?’ ಎಂದು ಕೇಳಿದ್ದಕ್ಕೆ, ‘ವಾರ್ಡಿನಲ್ಲಿ ಎಷ್ಟು ಮಾಡಿದರೂ ಕೆಲವು ಸಲ ಕೈ ಮೀರಿ ಹೋಗುತ್ತದಮ್ಮ. ಇದು ಹಾಗಲ್ಲ, ಕೆಟ್ಟರೆ ರಿಪೇರಿಯಾಗುತ್ತದೆ’ ಎಂದರು. ಆ ದಿನ ನಾನು ಲೆಕ್ಕದ ಪುಸ್ತಕದಲ್ಲಿ ಬೇರೇನನ್ನೂ ಬರೆಯಲಾರದೆ ಸುಮ್ಮನೆ ಕುಳಿತಿದ್ದೆ.

ಇಷ್ಟಾದ ಮೇಲೆ ಇದು ನಮ್ಮ ಮಂಡ್ಯದ ಮಟ್ಟಿಗೆ ಮಾತ್ರವೋ ಹೊರಗಿನ ಪ್ರಪಂಚದಲ್ಲಿಯೂ ಹೀಗೆಯೋ ಎಂದು ತಿಳಿಯಬೇಕೆನಿಸಿತು. ಬಿಡುವು ಸಿಕ್ಕಾಗಲೆಲ್ಲ ಕೂತು ಓದಿದೆ. ಓದಿದಷ್ಟೂ ನಮ್ಮ ಬೆಂಚು ಉದ್ದವಾಗುತ್ತ ಹೋಯಿತು. ಅಮೆರಿಕದ ರಾಬರ್ಟ್ ಪಿರ್ಸಿಗ್ ಎಂಬಾತ ಮಗನನ್ನು ಹಿಂದೆ ಕೂರಿಸಿಕೊಂಡು ೧೯೬೮ರಲ್ಲಿ ಮಿನೆಸೋಟದಿಂದ ಕ್ಯಾಲಿಫೋರ್ನಿಯಕ್ಕೆ ಮೋಟಾರು ಸೈಕಲ್ಲಿನಲ್ಲಿ ಹೋದ. ಆ ಪ್ರಯಾಣವನ್ನು ಕುರಿತು ಬರೆದ ಪುಸ್ತಕವನ್ನು ೧೨೧ ಮಂದಿ ಪ್ರಕಾಶಕರು ಬೇಡವೆಂದರು. ಕೊನೆಗೆ ೧೯೭೪ರಲ್ಲಿ ಅದು ಅಚ್ಚಾಗಿ ಲಕ್ಷಗಟ್ಟಲೆ ಮಾರಾಟವಾಯಿತು. ಆತನ ಹೊಟ್ಟೆಪಾಡು ಏನು? ಯಂತ್ರಗಳನ್ನು ಉಪಯೋಗಿಸುವ ಬಗೆಯನ್ನು ತಿಳಿಸುವ ಕೈಪಿಡಿಗಳನ್ನು ಬರೆಯುವುದು! ನ್ಯೂಜಿಲೆಂಡಿನ ಬರ್ಟ್ ಮನ್ರೋ ಎಂಬಾತ ಮೋಟಾರು ಸೈಕಲ್ಲುಗಳನ್ನು ಮಾರುವ, ರಿಪೇರಿ ಮಾಡುವ ಕೆಲಸದಲ್ಲಿದ್ದವನು. ಹಳೆಯ ಡಬ್ಬಿಗಳನ್ನು ಅಚ್ಚು ಮಾಡಿಕೊಂಡು ಪಿಸ್ಟನ್ನುಗಳನ್ನು ಮನೆಯಲ್ಲಿಯೇ ಎರಕ ಹೊಯ್ಯುತ್ತಿದ್ದ. ಹೊಸದಾಗಿದ್ದಾಗ ಗಂಟೆಗೆ ಸುಮಾರು ೮೮ ಕಿಲೋಮೀಟರು ಓಡುತ್ತಿದ್ದ ತನ್ನ ೧೯೨೦ರ ಇಂಡಿಯನ್ ಸ್ಕೌಟ್ ಗಾಡಿಯನ್ನು, ತನ್ನ ಅರುವತ್ತೆಂಟನೆಯ ವಯಸ್ಸಿನಲ್ಲಿ, ೧೯೬೭ರಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನ ಮೇಲೆ ೨೯೫ ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿಸಿ ದಾಖಲೆ ಮಾಡಿದ.

ಸಹಪಾಠಿನಿಯರ ಗಮನಕ್ಕೆ ಇನ್ನೊಬ್ಬರನ್ನು ತರಲೇಬೇಕು. ಇಂಗ್ಲೆಂಡಿನ ಬಿಯಾಟ್ರಿಸ್ ಷಿಲ್ಲಿಂಗ್ ವೃತ್ತಿಯಿಂದ ಎಂಜಿನಿಯರು. ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾಲಯದಲ್ಲಿ ಕೆಲಸ ಹಿಡಿಯುವ ಮೊದಲೇ ಮೋಟಾರು ಸೈಕಲ್ ಪಂದ್ಯಗಳಲ್ಲಿ ಹೆಸರಾದವರು. ೧೯೩೪ರಲ್ಲಿ ಬ್ರೂಕ್‌ಲೆಂಡ್ಸ್ ಪಂದ್ಯದ ಹಾದಿಯನ್ನು ಗಂಟೆಗೆ ನೂರು ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಸುತ್ತಿ ಬಂಗಾರದ ನಕ್ಷತ್ರ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಯುದ್ಧವಿಮಾನಗಳು ಮೂತಿ ತಗ್ಗಿಸಿ ಕೆಳಗೆ ಎರಗುವಾಗ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಉಕ್ಕಿ ಎಂಜಿನ್ನು ಉಸಿರುಗಟ್ಟುತ್ತಿತ್ತು. ೧೯೪೧ರಲ್ಲಿ ಆಕೆ ನಡುವೆ ತೂತುಳ್ಳ ಒಂದು ಚಿಕ್ಕ ಲೋಹದ ಬಿಲ್ಲೆಯನ್ನು ಪೆಟ್ರೋಲಿನ ದಾರಿಯಲ್ಲಿ ಕೂರಿಸುವ ಉಪಾಯ ಮಾಡಿ ಆ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿದರು. ಭಾನುವಾರದ ಹುಚ್ಚು ಸೋಮವಾರದ ಕೆಲಸಕ್ಕೆ ಒದಗಿತು ಎನ್ನೋಣವೆ?

ಹುಚ್ಚಿನಿಂದ ಕೇಡೂ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅರಬ್ಬರ ನಾಡಿನ ಯುದ್ಧದಲ್ಲಿ ಹೆಸರಾದ ಟಿ. ಇ. ಲಾರೆನ್ಸ್ ಕೀರ್ತಿಗೆ ಬೇಸತ್ತು, ಹೆಸರು ಬದಲಾಯಿಸಿಕೊಂಡು ವಿಮಾನದಳದಲ್ಲಿ ಸಾಮಾನ್ಯ ಸಿಪಾಯಿಯಾಗಿ ದುಡಿಯುತ್ತ, ಬ್ರೋ ಸುಪೀರಿಯರ್ ಎಂಬ ದುಬಾರಿ ಗಾಡಿಗಳನ್ನು ಒಂದಾದ ಮೇಲೊಂದರಂತೆ ಇಟ್ಟುಕೊಂಡಿದ್ದ. ೧೯೩೫ರ ಮೇ ೧೩ರಂದು ಸೈಕಲ್ ಸವಾರರಿಬ್ಬರನ್ನು ತಪ್ಪಿಸಲು ಹೋಗಿ ಬಿದ್ದು, ಆರು ದಿನಗಳ ಮೇಲೆ ತೀರಿಕೊಂಡ. ಆತನ ಚಿಕಿತ್ಸೆಗೆ ಬಂದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯಲಿಲ್ಲ. ಸವಾರರ ತಲೆಪೆಟ್ಟನ್ನು ಕುರಿತು ವರ್ಷಗಟ್ಟಲೆ ಅಭ್ಯಾಸ ಮಾಡಿ, ೧೯೪೧ರಲ್ಲಿ ಶಿರಸ್ತ್ರಾಣದ ಉಪಯೋಗವನ್ನು ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಮೋಟಾರು ಸೈಕಲ್ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ಹೆಲ್ಮೆಟ್ಟಿಲ್ಲದೆ ಬಂದವರ ಗಾಡಿಯನ್ನು ಮಾವ ಮುಟ್ಟುವುದಿಲ್ಲ. ಕೇರ್ನ್ಸ್ ಹೆಸರನ್ನು ಅವರು ಕೇಳಿಲ್ಲ, ಆದರೆ ಪಾಠ ಒಂದೇ.

ಇಲ್ಲಿಯವರೆಗೆ ಹೇಳಿದವರಲ್ಲಿ ಹೆಚ್ಚಿನವರು ಅನ್ನವನ್ನು ಒಂದು ಕಡೆ ಸಂಪಾದಿಸಿ, ಪ್ರೀತಿಯನ್ನು ಇನ್ನೊಂದು ಕಡೆ ಇಟ್ಟುಕೊಂಡವರು. ಹಾಗಾದರೆ ಅನ್ನವೂ ಅದೇ, ಪ್ರೀತಿಯೂ ಅದೇ ಆದವನು ಎಲ್ಲರಿಗಿಂತ ಸುಖಿಯಲ್ಲವೆ ಎಂದು ನೀವು ಕೇಳಬಹುದು. ನನ್ನ ಉತ್ತರಕ್ಕೆ ಮಾವನೇ ಸಾಕ್ಷಿ. ಮೂವತ್ತೈದು ವರ್ಷಗಳಿಂದ ಮೋಟಾರು ಸೈಕಲ್ಲುಗಳ ನಡುವೆ ಬದುಕಿದ ಈ ಮನುಷ್ಯ ಮನೆಗೆ ಹೋಗುವುದು ಒಂದು ಟಿ.ವಿ.ಎಸ್. ಮೊಪೆಡ್ಡಿನ ಮೇಲೆ. ಗಿರಾಕಿಗಳೆಲ್ಲ ಕೊಡಗಿಗೆ, ಊಟಿಗೆ ಸವಾರಿ ಹೋಗುವ ಭಾನುವಾರ ಅವರಿಗೆ ದುಡಿಮೆಯ ದಿನ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಪ್ರೇಮಿಗಳೆಲ್ಲ ತಮ್ಮ ಗಾಡಿಗಳನ್ನು ಅಲಂಕರಿಸಿಕೊಂಡು ಒಂದೆಡೆ ಸೇರುತ್ತಾರೆ. ಅದಕ್ಕೆ ಹಿಂದಿನ ವಾರವೆಲ್ಲ ಮಾವನಿಗೆ ನಿದ್ದೆಯಿಲ್ಲ. ಆ ದಿನ ಮಾತ್ರ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಾರೆ. ಮದುವೆಮನೆಯ ಅಡಿಗೆಯವನಿಗೆ ಊಟ ಸೇರುವುದಿಲ್ಲವೆಂದು ಹೇಳುತ್ತಾರಲ್ಲ, ಹಾಗೆ.

ಇನ್ನೊಬ್ಬರಿದ್ದಾರೆ, ನಮ್ಮ ತರಗತಿಯಲ್ಲಿಯೇ. ಹೆಸರು ಹೇಳುವುದಿಲ್ಲ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಮೋಟಾರು ಸೈಕಲ್ಲಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ತಲಪಿಸಿ, ಆ ಹಣದಿಂದ ಫೀಜು ಕಟ್ಟುತ್ತಾನೆ. ನನ್ನ ಪಟ್ಟಿಯ ಯಾವ ಪ್ರೇಮಿಯೂ ಅವನಷ್ಟು ದೂರ ಓಡಿಸುವುದಿಲ್ಲ. ಮಳೆಯನ್ನೂ ನಾಯಿಗಳನ್ನೂ ಅವನಷ್ಟು ಬಲ್ಲವರಿಲ್ಲ. ಆದರೂ ಅವನನ್ನು ಯಾರೂ ‘ಮೋಟಾರು ಸೈಕಲ್ ಪ್ರೇಮಿ’ ಎಂದು ಕರೆಯುವುದಿಲ್ಲ. ಬೆಳಗಿನಲ್ಲಿ ಹಾಲಿನ ಕ್ಯಾನು ನೇತುಹಾಕಿಕೊಂಡು ಹಳ್ಳಿಯಿಂದ ಬರುವವರನ್ನೂ ಕರೆಯುವುದಿಲ್ಲ. ನನ್ನ ಐದನೆಯ ಕಲಮನ್ನು ಅವನಿಗೆ ತೋರಿಸಿದಾಗ ಅವನು ನಕ್ಕು, ‘ನಿನ್ನ ಪಟ್ಟಿಯವರು ಕೆಲಸ ಮುಗಿಸಿ ಗಾಡಿ ಹತ್ತುತ್ತಾರೆ, ನಾನು ಗಾಡಿ ಹತ್ತಿದರೆ ಕೆಲಸ ಶುರು’ ಎಂದ. ಒಂದೇ ಯಂತ್ರ, ಒಂದೇ ರಸ್ತೆ. ಒಬ್ಬರಿಗೆ ಅದು ಬಿಡುಗಡೆ, ಇನ್ನೊಬ್ಬರಿಗೆ ನೊಗ. ಹಾಗೆಂದು ಅವನಿಗೆ ಪ್ರೀತಿಯಿಲ್ಲವೆನ್ನಲಾಗದು. ಎತ್ತನ್ನು ಹೂಡುವ ರೈತನೇ ಅಲ್ಲವೆ ಸಂಕ್ರಾಂತಿಯಂದು ಅದರ ಮೈ ತೊಳೆದು ಕಿಚ್ಚು ಹಾಯಿಸುವವನು? ಇವನೂ ಆಯುಧಪೂಜೆಯ ದಿನ ತನ್ನ ಗಾಡಿಗೆ ಚೆಂಡುಹೂವಿನ ಹಾರವನ್ನು ಎಲ್ಲರಿಗಿಂತ ದಪ್ಪನಾಗಿ ಹಾಕಿದ್ದ.

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ನಮ್ಮ ಅಂಗಡಿಯ ಗಿರಾಕಿಗಳ ಮನೆಗಳಲ್ಲಿ ಆಗಾಗ ಹೇಳುತ್ತಾರಂತೆ. ಕಬ್ಬಿನ ಹಣ ಬಂದ ವಾರವೇ ರೈತರು ಗಾಡಿಗೆ ಬೋರು ಮಾಡಿಸಲು ಬಂದರೆ ಅವರ ಮನೆಯಾಕೆ ಇನ್ನೇನು ತಾನೆ ಹೇಳಿಯಾರು? ಗಾದೆ ಸುಳ್ಳಲ್ಲ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿನಿ ಇನ್ನೊಂದನ್ನು ಸೇರಿಸಿ ಹೇಳಬೇಕಾಗುತ್ತದೆ: ಒಬ್ಬರ ಜುಟ್ಟಿನ ಮಲ್ಲಿಗೆ ಹೂವಾಡಗಿತ್ತಿಯ ಹೊಟ್ಟೆಯ ಹಿಟ್ಟು. ರೈತರು ಕೊಟ್ಟ ಹಣದಲ್ಲಿ ಒಂದು ಪಾಲು ಮಾವನಿಗೆ, ಒಂದು ಪಾಲು ಲೇತಿನ ಕೆಲಸದವನಿಗೆ, ಒಂದು ಪಾಲು ಬೆಂಗಳೂರಿನ ಜೆ. ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ, ಒಂದು ಪಾಲು ಸೀಟು ಹೊಲಿಯುವ ದರ್ಜಿಗೆ. ೨೦೨೩ರ ಆಗಸ್ಟ್ ಒಂದರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ನಡುವಣ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೆಂಗಳೂರಿನ ಎಂಜಿನಿಯರು ಪಕ್ಕದ ರಸ್ತೆಯಲ್ಲಿಯೇ ಬರುತ್ತಾರೆ. ಬರುವಾಗ ಬಿಡದಿಯ ತಟ್ಟೆ ಇಡ್ಲಿ, ಹೋಗುವಾಗ ಮದ್ದೂರಿನ ವಡೆ. ಹೀಗೆ ಒಂದು ಹುಚ್ಚು ಎಷ್ಟು ಒಲೆಗಳನ್ನು ಉರಿಸುತ್ತದೆ!

ಈ ಲೆಕ್ಕ ನನಗೆ ಕೇವಲ ಪುಸ್ತಕದ ಲೆಕ್ಕವಲ್ಲ. ಮಾವನಿಗೆ ಕಣ್ಣು ಮಂಜಾಗುತ್ತಿದೆ. ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟಿನ ಸಂದು ಕೂದಲೆಳೆಯಷ್ಟಿರುತ್ತದೆ. ಅದನ್ನು ಈಗ ನಾನೇ ನೋಡಿ ಹೇಳಬೇಕು. ಅವರ ಮಗ ಬೆಂಗಳೂರಿನಲ್ಲಿ ಕಛೇರಿಯ ಕೆಲಸದಲ್ಲಿದ್ದಾನೆ, ಬರುವುದಿಲ್ಲವೆಂದು ಹೇಳಿದ್ದಾನೆ. ಬೀದಿಯಲ್ಲಿ ವಿದ್ಯುತ್ತಿನ ಸ್ಕೂಟರುಗಳು ಹೆಚ್ಚುತ್ತಿವೆ. ಅವಕ್ಕೆ ಕಾರ್ಬ್ಯುರೇಟರಿಲ್ಲ, ಪ್ಲಗ್ಗಿಲ್ಲ, ಮಾವನ ವಿದ್ಯೆಯ ಅಗತ್ಯವಿಲ್ಲ. ಹೊಟ್ಟೆಪಾಡಿಗೆ ಗಾಡಿ ಇಟ್ಟವರು, ಖರ್ಚು ಕಡಮೆಯಾದರೆ, ಅತ್ತ ಹೋಗುತ್ತಾರೆ, ಹೋಗಬೇಕಾದದ್ದೇ ನ್ಯಾಯ. ಕೊನೆಯವರೆಗೆ ಮಾವನ ಬಾಗಿಲಿಗೆ ಬರುವವರು ಈ ಹುಚ್ಚರು ಮಾತ್ರ. ಅವರಿಗೆ ಮಾವ ಬೇಕು, ಮಾವನಿಗೆ ಅವರು ಬೇಕು. ಅಂಗಡಿ ಮುಚ್ಚಿದರೆ ನರ್ಸಮ್ಮನವರ ಗಾಡಿಯ ಉಸಿರನ್ನು ಯಾರು ಸರಿಪಡಿಸಬೇಕು?

ಕಳೆದ ದೀಪಾವಳಿಯಲ್ಲಿ ಮಾವ ಮಾತೆತ್ತಿದರು. ‘ನೋಡು ಕೂಸೆ, ಗಾಡೀನ ಪ್ರೀತಿಸ್ಬೇಕು ಅಂದ್ರೆ ಬೇರೆ ಕೆಲ್ಸ ಹಿಡಿ. ಗಾಡೀನ ತಿಳ್ಕೋಬೇಕು ಅಂದ್ರೆ ಅಂಗ್ಡಿಗೆ ಬಾ. ಎರ್ಡೂ ಒಟ್ಗೆ ಸಿಕ್ತದೆ ಅಂತ ನಾನು ಸುಳ್ಳು ಹೇಳಕಿಲ್ಲ’ ಎಂದರು. ನನ್ನ ತಾಯಿ ಒಳಗಿನಿಂದಲೇ, ‘ಬಿ.ಎ. ಓದಿಸ್ತಿರೋದು ಗ್ರೀಸು ಒರ್ಸೋಕಾ? ಅಣ್ಣ ಒಬ್ಬ ಕೈ ಮಸಿ ಮಾಡ್ಕೊಂಡಿದ್ದು ಸಾಲ್ದಾ?’ ಎಂದರು. ತಾಯಿಯ ಮಾತಿನಲ್ಲಿ ಕೋಪಕ್ಕಿಂತ ಭಯ ಹೆಚ್ಚು. ತಿಂಗಳ ಮೊದಲ ದಿನ ತಪ್ಪದೆ ಬರುವ ಸಂಬಳವೆಂದರೇನೆಂಬುದು, ಅದಿಲ್ಲದೆ ಸಂಸಾರ ತೂಗಿಸಿದವರಿಗೆ ಗೊತ್ತು. ಅದನ್ನು ಹಗುರವಾಗಿ ನೋಡುವ ಅಧಿಕಾರ ನನಗಿಲ್ಲ.

ಬಹಳ ದಿನ ಆಲೋಚಿಸಿದೆ. ಪ್ರೀತಿಸುವವರಿಗೇನೋ ಈ ಲೋಕದಲ್ಲಿ ಕೊರತೆಯಿಲ್ಲ. ನಮ್ಮ ಬೆಂಚಿನ ಮೇಲೆ ಜಾಗವೇ ಸಾಲದು. ತಿಳಿದವರು ಕಡಮೆಯಾಗುತ್ತಿದ್ದಾರೆ. ಆದುದರಿಂದ ನಾನು ತಿಳಿಯುವುದನ್ನು ಆರಿಸಿಕೊಂಡಿದ್ದೇನೆ. ತಾಯಿಯವರೊಡನೆ ಒಂದು ಒಪ್ಪಂದವಾಗಿದೆ: ಸರ್ಕಾರಿ ನೌಕರಿಯ ಪರೀಕ್ಷೆಗೆ ನಾನು ಕೂರಬೇಕು, ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಅವರು ನನ್ನನ್ನು ಅಂಗಡಿಗೆ ಬಿಡಬೇಕು. ಆ ವರ್ಷದಲ್ಲಿ ಮಾವನ ಕೈಯಲ್ಲಿರುವುದನ್ನು ನನ್ನ ಕೈಗೆ ಇಳಿಸಿಕೊಳ್ಳಬೇಕು. ವಿದ್ಯುತ್ತಿನ ಗಾಡಿಯ ಕೆಲಸವನ್ನೂ ಎಲ್ಲಿಯಾದರೂ ಕಲಿಯಬೇಕು. ವರ್ಷದ ಕೊನೆಯಲ್ಲಿ ಲೆಕ್ಕದ ಪುಸ್ತಕ ಏನು ಹೇಳುತ್ತದೆಯೋ ಅದರಂತೆ ನಡೆಯುವುದೆಂದು ಇಬ್ಬರೂ ಒಪ್ಪಿದ್ದೇವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಎಂಜಿನ್ ಎಣ್ಣೆಗೂ ಅನ್ವಯಿಸುತ್ತದೆಯೆ ಎಂಬುದು ಆಗ ತಿಳಿಯುತ್ತದೆ.

ಪ್ರಿಯ ಸಹಪಾಠಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಅಧಿಕಾರಿಗಳಾಗುವಿರಿ, ಕೆಲವರು ಅಧ್ಯಾಪಕರಾಗುವಿರಿ, ಕೆಲವರು ಹೊಲಕ್ಕೆ ಹಿಂದಿರುಗುವಿರಿ. ಯಾವುದೇ ಕಸುಬು ಹಿಡಿದರೂ ಸಂಬಳದ ಲೆಕ್ಕಕ್ಕೆ ಸಿಗದ ಒಂದು ಹುಚ್ಚನ್ನು ಇಟ್ಟುಕೊಳ್ಳಿ. ಅದು ನಿಮಗೆ ಸುಖ ಕೊಡುತ್ತದೆಯೋ ಇಲ್ಲವೋ, ಇನ್ನೆಲ್ಲೋ ಒಬ್ಬರಿಗೆ ಅನ್ನ ಕೊಡುತ್ತದೆ. ಆ ಹುಚ್ಚು ಹಳೆಯ ಯೆಜ್ಡಿಯದೇ ಆಗಿದ್ದರೆ ಗಾಡಿಯನ್ನು ನಮ್ಮ ಅಂಗಡಿಗೆ ತನ್ನಿ. ಹೆಲ್ಮೆಟ್ಟು ಮರೆಯಬೇಡಿ. ಸ್ನೇಹಿತರೆಂದು ಸಾಲ ಮಾತ್ರ ಹೇಳಬೇಡಿ. ಲೆಕ್ಕ ಬರೆಯುವವಳು ನಾನೇ.